ಆರು ವರ್ಷ, ಅದೇ ಸಾಲು: ಮೈಸೂರು ಶೈಲಿಯ ಅಷ್ಟಾಂಗ ವಿನ್ಯಾಸ ಯೋಗ

ಆರು ವರ್ಷದಿಂದ ವಾರಕ್ಕೆ ಐದು ದಿನ ಅಷ್ಟಾಂಗ ವಿನ್ಯಾಸ ಮಾಡುತ್ತಿದ್ದೇನೆ. ಇದರಲ್ಲಿ ಆಸನಗಳನ್ನು ಒಂದರ ಹಿಂದೊಂದರಂತೆ ಸರಣಿಗಳಾಗಿ ಜೋಡಿಸಿದ್ದಾರೆ; ನಾನು ಇನ್ನೂ ಮೊದಲ ಸರಣಿಯಲ್ಲೇ ಇದ್ದೇನೆ. ಸೇರಬೇಕು ಅನ್ನುವವರೆಲ್ಲ ‘ಎಷ್ಟು ದಿನಕ್ಕೆ ಮುಗಿಯುತ್ತೆ’ ಅಂತ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿದೆ.

ಇದು ನಮ್ಮ ಮೈಸೂರಿನಲ್ಲೇ ಬೆಳೆದ ಪದ್ಧತಿ. ಅರಮನೆಯ ಆಶ್ರಯದಲ್ಲಿ ಯೋಗ ಗುರು ಕೃಷ್ಣಮಾಚಾರ್ಯರು ಕಲಿಸಿದ್ದನ್ನು ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಿಂದ ಲಕ್ಷ್ಮೀಪುರಂನಲ್ಲಿ ಹೇಳಿಕೊಟ್ಟರು. ಯೋಗ ಹಳೆಯದು. ಆದರೆ ಯಾವ ಆಸನದ ನಂತರ ಯಾವುದು, ಯಾವ ಉಸಿರಿಗೆ ಕೈ ಎತ್ತಬೇಕು ಅನ್ನುವ ಈ ಕಟ್ಟುನಿಟ್ಟಿನ ಲೆಕ್ಕ ಕಳೆದ ಶತಮಾನದ್ದು. ಸೂರ್ಯ ನಮಸ್ಕಾರದಲ್ಲಿ ಎರಡು ಬಗೆ: ‘ಎ’ಗೆ 9 ಎಣಿಕೆ, ‘ಬಿ’ಗೆ 17. ಹೆಚ್ಚಿನ ಆಸನಗಳಲ್ಲಿ 5 ಉಸಿರು ನಿಲ್ಲಬೇಕು. ಕಣ್ಣು ಎಲ್ಲಿ ನೆಡಬೇಕು ಅನ್ನೋದೂ ನಿಗದಿ.

ಮೊದಲ ವರ್ಷ ದಿನಾ ಅದದೇ ಅಂತ ಬೇಜಾರಾಗಿತ್ತು. ಈಗ ನನಗೆ ಅದೇ ಇಷ್ಟ. ಸಾಲು ಬದಲಾಗೋದಿಲ್ಲ, ಹಾಗಾಗಿ ನಾನು ಬದಲಾದದ್ದು ಕಾಣುತ್ತದೆ. ರಾತ್ರಿ ತಡವಾಗಿ ಉಂಡಿದ್ದರೆ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲೇ ಗೊತ್ತಾಗಿಬಿಡುತ್ತದೆ. ಮೈಸೂರು ಶೈಲಿಯ ತರಗತಿಯಲ್ಲಿ ಯಾರೂ ಎಣಿಸಿ ಹೇಳೋದಿಲ್ಲ. ಅವರವರ ಉಸಿರಿಗೆ ಅವರವರ ಅಭ್ಯಾಸ. ಬೆಳಗ್ಗೆ ಐದೂವರೆಗೆ ಹತ್ತು-ಹನ್ನೆರಡು ಜನರ ಉಜ್ಜಾಯಿ, ಅಂದರೆ ಗಂಟಲಲ್ಲಿ ಸಣ್ಣಗೆ ಸದ್ದಾಗುವ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳೋದಿಲ್ಲ.

ಒಂದು ಆಸನ ಕೂಡಿಬರುವವರೆಗೆ ಮುಂದಿನದು ಸಿಗೋದಿಲ್ಲ. ಮರೀಚ್ಯಾಸನ ‘ಡಿ’ಯಲ್ಲಿ ನಾನು ಹದಿನಾಲ್ಕು ತಿಂಗಳು ನಿಂತೆ. ಒಂದು ಕಾಲು ಅರ್ಧ ಪದ್ಮದಲ್ಲಿ, ಇನ್ನೊಂದು ಮಂಡಿ ಮೇಲಕ್ಕೆ, ಸೊಂಟ ತಿರುಚಿ ಬೆನ್ನ ಹಿಂದೆ ಕೈ ಹಿಡಿಯಬೇಕು. ಬೆರಳುಗಳ ನಡುವೆ ಒಂದು ಗೇಣು ಉಳಿಯುತ್ತಿತ್ತು. ಆ ಅವಸರದಲ್ಲೇ ಬೇರೊಂದು ಕಡೆ ಹೋಗಿದ್ದೆ. ಅಲ್ಲಿನ ಶಿಕ್ಷಕರು ಮಂಡಿಯನ್ನು ಒತ್ತಿಬಿಟ್ಟರು. ಮೂರು ತಿಂಗಳು ಚಕ್ಕಂಬಕ್ಕಳ ಹಾಕಿ ಕೂರಲಾಗಲಿಲ್ಲ. ಈಗಿನ ಗುರುಗಳು ಮಂಡಿಯನ್ನು ಮುಟ್ಟುವುದೇ ಇಲ್ಲ. ತೊಡೆ ಸೊಂಟದ ಕೀಲಿನಿಂದ ತಿರುಗಲಿ, ಮಂಡಿ ತಾನಾಗಿ ಇಳಿಯುತ್ತೆ ಅನ್ನುತ್ತಾರೆ. ಮಂಡಿ ಕೆಳಗೆ ಮಡಚಿದ ಟವೆಲ್ ಇಡಿಸಿದರು. ಬೆರಳು ಸೇರಿದ್ದು ಹಾಗೆ.

ಅದಕ್ಕೇ ಶಾಲೆ ಆರಿಸುವಾಗ ಫೀಸಿಗಿಂತ ಮೊದಲು ಇದನ್ನು ನೋಡಿ: ನೀವು ‘ಸಾಕು’ ಅಂದಾಗ ಶಿಕ್ಷಕರು ಕೈ ತೆಗೆಯುತ್ತಾರಾ? ಮಂಡಿ, ಸೊಂಟದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಸೇರಿ. ಈ ಪದ್ಧತಿಯ ಹಳೆಯ ವಾಡಿಕೆಯಂತೆ ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸ ಇರೋದಿಲ್ಲ. ಆ ರಜವನ್ನು ತಪ್ಪದೇ ತೆಗೆದುಕೊಳ್ಳಿ, ಮೈಗೆ ಅದೂ ಬೇಕು.