ಖಾಲಿ ಡಿಸ್ಕ್‌ನಿಂದ ಮೊಜಾವೆಗೆ: 2012ರ ಮ್ಯಾಕ್‌ಬುಕ್ ಪ್ರೋದಲ್ಲಿ ಇಂಟರ್ನೆಟ್ ರಿಕವರಿ

ಕತೆ, ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸುವುದು ನನ್ನ ಕೆಲಸ. ಅದಕ್ಕೆ ಇವತ್ತಿಗೂ ಬಳಸುವುದು 2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೋ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ನನ್ನ ಆಡಿಯೋ ಇಂಟರ್‌ಫೇಸ್‌ಗೆ ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ ಸಂಪರ್ಕ ಬೇಕು, ಈ ಯಂತ್ರದ ಎಡಬದಿಯಲ್ಲಿ ಫೈರ್‌ವೈರ್ 800 ಪೋರ್ಟ್ ಇದೆ. ನನ್ನ ಕೈಗೆ ಒಗ್ಗಿದ ಎಡಿಟಿಂಗ್ ಸಾಫ್ಟ್‌ವೇರ್ 32 ಬಿಟ್‌ನದು, ಹೊಸ ಮ್ಯಾಕ್ ಸಿಸ್ಟಮ್‌ಗಳು ನಡೆಸದ ಹಳೆಯ ಬಗೆ. ಇವೆರಡನ್ನೂ ಒಟ್ಟಿಗೆ ನಡೆಸುವ ಯಂತ್ರ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಒಳಗಿನ 500 ಜಿಬಿ ಹಾರ್ಡ್ ಡಿಸ್ಕ್‌ಗೆ ವಯಸ್ಸಾಗಿ ಕಟಕಟ ಅನ್ನತೊಡಗಿದಾಗ, ಅದನ್ನು ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿದೆ. ಹೊಸ ಡಿಸ್ಕ್‌ನಲ್ಲಿ ಏನೂ ಇಲ್ಲ. ಅಲ್ಲಿಂದ ಮುಂದೆ, ಸಿಸ್ಟಮ್ ಅನ್ನು ನೆಟ್‌ನಿಂದಲೇ ತರಿಸಿ ಹಾಕುವ ಆಪಲ್‌ನ ಇಂಟರ್ನೆಟ್ ರಿಕವರಿ, ನನಗೆ ಬೇಕಾದ ಮೊಜಾವೆ ಎಂಬ ಹಳೆಯ ಮ್ಯಾಕ್ ಆವೃತ್ತಿಯ ಕಡೆಗೆ ಎಷ್ಟು ದೂರ ಕರೆದುಕೊಂಡು ಹೋಯಿತು, ಎಲ್ಲಿ ನಿಂತಿತು ಅನ್ನುವುದೇ ಈ ವಿಮರ್ಶೆ.

ಡಿಸ್ಕ್ ಬದಲಿಸುವ ಕೆಲಸ ಸುಲಭ. ತಳದ ಹತ್ತು ಸ್ಕ್ರೂಗಳಲ್ಲಿ ಮೂರು ಉದ್ದ, ಏಳು ಗಿಡ್ಡ. ಬಿಚ್ಚಿದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಇಟ್ಟುಕೊಳ್ಳಿ. ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಬೇಕು. ಹಳೆಯ ಡಿಸ್ಕ್‌ನ ಪಕ್ಕಗಳಲ್ಲಿರುವ ನಾಲ್ಕು ಗುಬಟುಗಳನ್ನು ಟಿ6 ಟಾರ್ಕ್ಸ್ ಚಾಲಕದಿಂದ ಬಿಚ್ಚಿ ಹೊಸದಕ್ಕೆ ಹಾಕಬೇಕು, ಇಲ್ಲದಿದ್ದರೆ ಡಿಸ್ಕ್ ಜಾಗದಲ್ಲಿ ಭದ್ರವಾಗಿ ಕೂರುವುದಿಲ್ಲ.

ಈ ಯಂತ್ರದಲ್ಲಿ ಡಿವಿಡಿ ಡ್ರೈವ್ ಇದೆ, ಆದರೆ ಸಿಸ್ಟಮ್‌ನ ಡಿವಿಡಿ ಜೊತೆಗೆ ಬರಲೇ ಇಲ್ಲ. 2011ರ ಲಯನ್ ಎಂಬ ಆವೃತ್ತಿಯಿಂದ ಆಪಲ್ ಆ ಪದ್ಧತಿ ಬಿಟ್ಟು, ರಿಕವರಿಯನ್ನು ನೆಟ್‌ನಿಂದ ತರಿಸುವ ವ್ಯವಸ್ಥೆ ಮಾಡಿತು. ಅದರ ಮೊದಲ ತುಣುಕು ಡಿಸ್ಕ್‌ನಲ್ಲಿಲ್ಲ, ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್‌ನಲ್ಲಿದೆ. ಡಿಸ್ಕ್ ಸತ್ತರೂ, ಕಿತ್ತುಹಾಕಿದರೂ ಅದು ಅಲ್ಲೇ ಇರುತ್ತದೆ. ಆನ್ ಮಾಡಿ ಕಮಾಂಡ್, ಆಪ್ಷನ್, ಆರ್ ಮೂರನ್ನೂ ಒತ್ತಿ ಹಿಡಿದರೆ ಪರದೆಯ ನಡುವೆ ಗ್ಲೋಬ್ ತಿರುಗಲು ಶುರುವಾಗುತ್ತದೆ. ವೈಫೈ ಆರಿಸಿ ಪಾಸ್‌ವರ್ಡ್ ಕೊಟ್ಟರೆ, ಗ್ಲೋಬ್‌ನ ಕೆಳಗಿನ ಪಟ್ಟಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಒಂದೇ ಒಂದು ಫೈಲ್ ಇಲ್ಲದ ಯಂತ್ರವೊಂದು ತಾನೇ ನೆಟ್ ಹುಡುಕಿಕೊಂಡು, ತನಗೆ ಬೇಕಾದ್ದನ್ನು ತರಿಸಿಕೊಂಡು ಎದ್ದು ನಿಲ್ಲುವುದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಇನ್ನೊಂದು ಕಂಪ್ಯೂಟರ್ ಬೇಡ, ಪೆನ್ ಡ್ರೈವ್ ಬೇಡ, ಲೈಸೆನ್ಸ್ ನಂಬರ್ ಬೇಡ. ಈ ಅಂಶಕ್ಕೆ ಪೂರ್ತಿ ಅಂಕ. ಲಾಗಿನ್ ಪುಟ ತೆರೆದುಕೊಳ್ಳುವ ಸಾರ್ವಜನಿಕ ವೈಫೈನಲ್ಲಿ ಮಾತ್ರ ಇದು ನಡೆಯುವುದಿಲ್ಲ. ಎತರ್ನೆಟ್ ಕೇಬಲ್ ಇದ್ದರೆ ಅದನ್ನೇ ಚುಚ್ಚಿ, ಈ ಮಾದರಿಯಲ್ಲಿ ಅದಕ್ಕೂ ಪೋರ್ಟ್ ಇದೆ.

ರಿಕವರಿ ಪರದೆ ಬಂದ ಕೂಡಲೇ ಇನ್‌ಸ್ಟಾಲ್ ಒತ್ತಬೇಡಿ. ಮೊದಲು ಗಡಿಯಾರ ನೋಡಿ. ಬ್ಯಾಟರಿ ಕನೆಕ್ಟರ್ ಬಿಡಿಸಿದಾಗ ಯಂತ್ರ ತಾರೀಖು ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗಿರಬಹುದು. ಸರ್ವರ್‌ನ ಭದ್ರತಾ ಪ್ರಮಾಣಪತ್ರಗಳಿಗೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ತಾರೀಖು ತಪ್ಪಿದ್ದರೆ ಅವು ಸುಳ್ಳೆಂದು ಯಂತ್ರ ತೀರ್ಮಾನಿಸುತ್ತದೆ. ಆಗ ಬರುವ ಸಂದೇಶ ಮಾತ್ರ ರಿಕವರಿ ಸರ್ವರ್ ಸಿಗುತ್ತಿಲ್ಲ ಎಂದು. ಜನ ವೈಫೈಯನ್ನು ಬೈಯುತ್ತಾ ರೂಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂರುವುದು ಇದರಿಂದಲೇ. ತಾರೀಖು ತಪ್ಪಿದೆ ಎಂದು ನೇರವಾಗಿ ಹೇಳದ ಆ ಸಂದೇಶಕ್ಕೆ ಅಂಕ ಕಳೆಯುತ್ತೇನೆ. ಪರಿಹಾರ ಸರಳ: ಮೇಲಿನ ಯುಟಿಲಿಟೀಸ್ ಮೆನುವಿನಿಂದ, ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು, ಡೇಟ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ತಿಂಗಳು, ದಿನ, ಗಂಟೆ, ನಿಮಿಷ, ವರ್ಷದ ಕೊನೆಯ ಎರಡಂಕಿಯನ್ನು ಎರಡೆರಡು ಅಂಕಿಗಳಾಗಿ ನಡುವೆ ಏನೂ ಇಲ್ಲದಂತೆ ಬರೆದು ಎಂಟರ್ ಒತ್ತಿ.

ಆಮೇಲೆ ಡಿಸ್ಕನ್ನು ಸಿದ್ಧಪಡಿಸುವ ಡಿಸ್ಕ್ ಯುಟಿಲಿಟಿ. ಹೊಸ ಎಸ್‌ಎಸ್‌ಡಿ ಮೊದಲಿಗೆ ಕಾಣದೇ ಇರಬಹುದು, ಗಾಬರಿ ಬೇಡ. ವ್ಯೂ ಮೆನುವಿನಲ್ಲಿ ಶೋ ಆಲ್ ಡಿವೈಸಸ್ ಆರಿಸಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರುವ ಡಿಸ್ಕ್‌ನ ಹೆಸರನ್ನೇ ಹಿಡಿದು ಇರೇಸ್ ಮಾಡಿ. ಸ್ಕೀಮ್ ಅನ್ನುವ ಕಡೆ ಜಿಯುಐಡಿ ಪಾರ್ಟಿಷನ್ ಮ್ಯಾಪ್ ಇರಲೇಬೇಕು, ಇಲ್ಲದಿದ್ದರೆ ಈ ಡಿಸ್ಕ್‌ನಿಂದ ಯಂತ್ರ ಬೂಟ್ ಆಗದು ಎಂದು ಇನ್‌ಸ್ಟಾಲರ್ ತಡೆಯುತ್ತದೆ. ಇಷ್ಟಾದರೂ ಡಿಸ್ಕ್ ಕಾಣದಿದ್ದರೆ ಅದನ್ನು ಯುಎಸ್‌ಬಿ ಕೇಸ್‌ನಲ್ಲಿಟ್ಟು ನೋಡಿ. ಅಲ್ಲಿ ಕಂಡರೆ ಡಿಸ್ಕ್ ಸರಿಯಿದೆ, ಒಳಗಿನ ಚಪ್ಪಟೆ ಸಾಟಾ ಕೇಬಲ್ ಹೋಗಿರಬೇಕು. ಈ ಮಾದರಿಯಲ್ಲಿ ಆ ಕೇಬಲ್ ಕೈಕೊಡುವುದು ರಿಪೇರಿಯವರಿಗೆಲ್ಲ ಗೊತ್ತಿರುವ ವಿಷಯ.

ಇನ್ನು ನನ್ನ ಮುಖ್ಯ ತಕರಾರು. ಇಂಟರ್ನೆಟ್ ರಿಕವರಿ ಕೊಡುವುದು ಎರಡು ತುದಿಗಳನ್ನು ಮಾತ್ರ. ಯಂತ್ರದಲ್ಲಿ ಹಿಂದೆ ಒಮ್ಮೆ ಸಿಯೆರಾ 10.12.4 ಅಥವಾ ನಂತರದ್ದು ಇದ್ದಿದ್ದರೆ, ಆಪ್ಷನ್ ಕಮಾಂಡ್ ಆರ್‌ಗೆ ಆ ಯಂತ್ರ ನಡೆಸಬಲ್ಲ ಕೊನೆಯ ಆವೃತ್ತಿ ಬರುತ್ತದೆ. ಇಲ್ಲಿ ಅದು ಕ್ಯಾಟಲಿನಾ. ಜೊತೆಗೆ ಶಿಫ್ಟ್ ಕೂಡ ಒತ್ತಿದರೆ ಯಂತ್ರದೊಂದಿಗೆ ಬಂದದ್ದು, ಅಥವಾ ಅದಕ್ಕೆ ಹತ್ತಿರದ್ದು. 2019ರ ಕ್ಯಾಟಲಿನಾ 32 ಬಿಟ್ ಸಾಫ್ಟ್‌ವೇರ್ ಮುಟ್ಟುವುದಿಲ್ಲ. 2012ರ ಸಿಸ್ಟಮ್‌ನಲ್ಲಿ ಇಂದಿನ ಎಷ್ಟೋ ವೆಬ್‌ಸೈಟ್‌ಗಳೇ ತೆರೆಯುವುದಿಲ್ಲ. ನನಗೆ ಬೇಕಾದದ್ದು ನಡುವಿನ ಮೊಜಾವೆ 10.14, 32 ಬಿಟ್ ನಡೆಸುವ ಕೊನೆಯ ಆವೃತ್ತಿ. ಹಳೆಯ ಯಂತ್ರ ಇಟ್ಟುಕೊಳ್ಳುವವರಲ್ಲಿ ಬಹಳಷ್ಟು ಮಂದಿ ಇಟ್ಟುಕೊಳ್ಳುವುದು ಯಾವುದೋ ಒಂದು ಹಳೆಯ ಸಾಫ್ಟ್‌ವೇರ್‌ಗಾಗಿಯೇ. ಆ ಯಂತ್ರಕ್ಕೆ ಹೊಂದುವ ಆವೃತ್ತಿಗಳನ್ನೆಲ್ಲ ಒಂದು ಪಟ್ಟಿಯಲ್ಲಿ ತೋರಿಸಿ, ಇದರಲ್ಲಿ ಯಾವುದು ಬೇಕು ಎಂದು ಕೇಳಿದ್ದರೆ ಈ ಸೇವೆ ಎಷ್ಟು ಚೆನ್ನಾಗಿರುತ್ತಿತ್ತು!

ಹಾಗಾಗಿ ಇದನ್ನು ಮೊದಲ ಮೆಟ್ಟಿಲಾಗಿ ಬಳಸಿದೆ. ಸುಮಾರು 8 ಜಿಬಿಯ ಕ್ಯಾಟಲಿನಾ ಇಳಿಸಿಕೊಂಡು ಹಾಕಿದೆ. ಅದರಿಂದ ಆಪಲ್‌ನ ಸಹಾಯ ಪುಟದಲ್ಲಿರುವ ಕೊಂಡಿ ಹಿಡಿದು ಮೊಜಾವೆಯ ಇನ್‌ಸ್ಟಾಲರ್ ತರಿಸಿದೆ. ಅಪ್ಲಿಕೇಷನ್ಸ್ ಫೋಲ್ಡರ್‌ಗೆ ಬಂದು ಕುಳಿತ ಆ ಇನ್‌ಸ್ಟಾಲರ್ ಒಳಗೇ ಕ್ರಿಯೇಟ್ ಇನ್‌ಸ್ಟಾಲ್ ಮೀಡಿಯಾ ಎಂಬ ಉಪಕರಣವಿದೆ. ಟರ್ಮಿನಲ್‌ನಿಂದ ಅದನ್ನು ನಡೆಸಿ 16 ಜಿಬಿಯ ಪೆನ್ ಡ್ರೈವ್ ಒಂದನ್ನು ಬೂಟ್ ಆಗುವಂತೆ ಮಾಡಿಕೊಂಡೆ. ಆಪ್ಷನ್ ಕೀಲಿ ಒತ್ತಿ ಆ ಪೆನ್ ಡ್ರೈವ್‌ನಿಂದ ಎಬ್ಬಿಸಿ, ಎಸ್‌ಎಸ್‌ಡಿಯನ್ನು ಪೂರ್ತಿ ಅಳಿಸಿ ಮೊಜಾವೆ ಹಾಕಿದೆ. ಅಳಿಸುವುದು ಕಡ್ಡಾಯ: ಕ್ಯಾಟಲಿನಾ ಡಿಸ್ಕನ್ನು ಸಿಸ್ಟಮ್‌ಗೊಂದು, ಬಳಕೆದಾರರ ಡೇಟಾಕ್ಕೊಂದು ಎಂದು ಎರಡು ವಾಲ್ಯೂಮ್ ಮಾಡಿಡುತ್ತದೆ, ಅದರ ಮೇಲೆ ಮೊಜಾವೆ ಕೂರುವುದಿಲ್ಲ. ಹೊಸ ಮ್ಯಾಕ್‌ಗಳಲ್ಲಿರುವ ಭದ್ರತಾ ಚಿಪ್ 2012ರ ಯಂತ್ರದಲ್ಲಿ ಇಲ್ಲದ್ದರಿಂದ ಹೊರಗಿನ ಡ್ರೈವ್‌ನಿಂದ ಬೂಟ್ ಮಾಡಲು ಯಾವ ಅನುಮತಿಯೂ ಬೇಕಾಗಲಿಲ್ಲ.

ಎಲ್ಲಿಂದಲೋ ಇಳಿಸಿದ ಹಳೆಯ ಇನ್‌ಸ್ಟಾಲರ್ ನಿಮ್ಮ ಬಳಿ ಮೊದಲೇ ಇದ್ದರೆ ಒಂದು ಎಚ್ಚರಿಕೆ. 2019ರ ಅಕ್ಟೋಬರ್ 24ಕ್ಕೆ ಹಲವು ಇನ್‌ಸ್ಟಾಲರ್‌ಗಳ ಪ್ರಮಾಣಪತ್ರದ ಅವಧಿ ಮುಗಿಯಿತು, ಅವು ಈಗ ಹಾಳಾಗಿವೆ ಎಂಬ ಸಂದೇಶ ಕೊಡುತ್ತವೆ. ಆಪಲ್ ಮತ್ತೆ ಸಹಿ ಮಾಡಿಟ್ಟಿರುವ ಪ್ರತಿಯನ್ನೇ ಹೊಸದಾಗಿ ಇಳಿಸಿಕೊಳ್ಳಿ.

ಕೊನೆಗೆ ಎರಡು ಕೆಲಸ. ಬೇರೆ ಕಂಪನಿಯ ಎಸ್‌ಎಸ್‌ಡಿಗೆ ಟ್ರಿಮ್ (ಅಳಿಸಿದ ಜಾಗವನ್ನು ಮರುಬಳಕೆಗೆ ತೆರವು ಮಾಡುವ ಸೌಲಭ್ಯ) ತಾನಾಗಿ ಚಾಲೂ ಆಗುವುದಿಲ್ಲ. ಟರ್ಮಿನಲ್‌ನ ಟ್ರಿಮ್‌ಫೋರ್ಸ್ ಆಜ್ಞೆಯಿಂದ ಆನ್ ಮಾಡಿದೆ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸ್‌ನಲ್ಲಿಟ್ಟು ಧ್ವನಿ ಫೈಲ್‌ಗಳನ್ನಷ್ಟೇ ಕೈಯಾರೆ ನಕಲಿಸಿದೆ. ಕಟಕಟ ಅನ್ನುವ ಡಿಸ್ಕ್‌ಗೆ, ಎಲ್ಲವನ್ನೂ ಒಟ್ಟಿಗೆ ವರ್ಗಾಯಿಸುವ ಮೈಗ್ರೇಷನ್ ಅಸಿಸ್ಟೆಂಟ್‌ನ ದೀರ್ಘ ಓದಿನ ಭಾರ ಹೊರಿಸಬಾರದು ಅನ್ನುವುದು ನನ್ನ ಅಭಿಪ್ರಾಯ, ಮುಖ್ಯವಾದದ್ದು ಮೊದಲು ಹೊರಬರಲಿ.

ಮೊಜಾವೆಗೆ 2021ರಲ್ಲಿ, ಕ್ಯಾಟಲಿನಾಗೆ 2022ರಲ್ಲಿ ಭದ್ರತಾ ಅಪ್‌ಡೇಟ್ ನಿಂತಿದೆ. ಅದಕ್ಕೇ ಈ ಯಂತ್ರದ ವೈಫೈ ಈಗ ಸದಾ ಆಫ್, ಬ್ಯಾಂಕು ಮತ್ತು ಮೇಲ್ ಬೇರೆ ಕಡೆ. ಬರೀ ಬ್ರೌಸಿಂಗ್‌ಗೆ ಹಳೆಯ ಮ್ಯಾಕ್ ಎಬ್ಬಿಸುವವರಿಗೆ ನಾನು ಈ ದಾರಿ ಹೇಳುವುದಿಲ್ಲ, ಅವರು ಹಗುರವಾದ ಲಿನಕ್ಸ್ ಒಂದನ್ನು ಹಾಕಿಕೊಳ್ಳಲಿ. ಒಂದು ನಿರ್ದಿಷ್ಟ ಸಾಫ್ಟ್‌ವೇರ್‌ಗಾಗಿ, ಒಂದು ಪೋರ್ಟ್‌ಗಾಗಿ ಯಂತ್ರ ಉಳಿಸಿಕೊಳ್ಳುವವರು ಇಂಟರ್ನೆಟ್ ರಿಕವರಿಯನ್ನು ಧೈರ್ಯವಾಗಿ ನಂಬಬಹುದು. ಆದರೆ ಸಿಸ್ಟಮ್ ಎದ್ದ ದಿನವೇ ನಿಮಗೆ ಬೇಕಾದ ಆವೃತ್ತಿಯ ಪೆನ್ ಡ್ರೈವ್ ಮಾಡಿ, ಹೆಸರು ಬರೆದ ಚೀಟಿ ಅಂಟಿಸಿ ಯಂತ್ರದ ಚೀಲದಲ್ಲೇ ಇಡಿ.