ಪಾವಗಡದಲ್ಲಿ ಬೆಳಿಗ್ಗೆ ಆರಕ್ಕೇ ತಿಂಡಿ ಕೊಡೋ ಮೆಸ್ಸು (5ಕ್ಕೆ 4)

ಪಾವಗಡ ಸೋಲಾರ್ ಪಾರ್ಕಿಗೆ ಹೊಸದಾಗಿ ಕೆಲಸಕ್ಕೆ ಬರೋರೆಲ್ಲ ಮೊದ್ಲು ರೂಮು ಎಲ್ಲಿ ಸಿಗುತ್ತೆ ಅಂತಾರೆ, ರೂಮು ಹೆಂಗೋ ಸಿಗುತ್ತೆ ಬಿಡಿ, ಊಟ ನೋಡ್ಕೊಳ್ಳಿ. ನನ್ನ ಓಟು ಕೋಟೆ ಬೆಟ್ಟದ ಕಡೆ ಹೋಗೋ ದಾರೀಲಿರೋ ಬೋರ್ಡಿಲ್ಲದ ಮೆಸ್ಸಿಗೆ. ನೀಲಿ ಬಾಗ್ಲು, ಹೊರಗಡೆ ನೀರಿನ ಕ್ಯಾನ್ ಸಾಲಾಗಿ ಇಟ್ಟಿರ್ತಾರೆ, ಅಕ್ಕನ ಮೆಸ್ಸು ಅಂದ್ರೆ ಯಾರಾದ್ರೂ ತೋರಿಸ್ತಾರೆ.

ಮುಖ್ಯ ಕಾರಣ ಟೈಮು. ನಾನು ಮೇಂಟೆನೆನ್ಸ್ ಟೀಮು, ಬಿಸಿಲು ಏರೋಕ್ ಮುಂಚೆ ಸೈಟಲ್ಲಿ ಇರ್ಬೇಕು, ಪಾರ್ಕು ಅಂದ್ರೆ 2,050 ಮೆಗಾವ್ಯಾಟು, ಹತ್ತತ್ರ 13,000 ಎಕರೆ, ಯಾವ್ದೋ ಮೂಲೇಲಿ ಇನ್ವರ್ಟರ್ ಟ್ರಿಪ್ ಆಯ್ತು ಅಂತ ಹೋದ್ರೆ ಅಲ್ಲಿ ಟೀ ಅಂಗಡೀನೂ ಇಲ್ಲ ನೆರಳೂ ಇಲ್ಲ (ನೆರಳಿದ್ರೆ ನಮ್ಗೇ ಲಾಸು). ಹಂಗಾಗಿ ಆರು ಗಂಟೆಗೆ ಬಿಸಿ ತಿಂಡಿ, ಜೊತೆಗೆ ಮಧ್ಯಾಹ್ನಕ್ಕೆ ಪಾರ್ಸೆಲ್ಲು ಸಿಗೋದು ದೊಡ್ಡ ವಿಷ್ಯ.

ಇಡ್ಲಿ ಸುಮಾರು, ಚಿತ್ರಾನ್ನ ಪರ್ವಾಗಿಲ್ಲ. ಕಡ್ಲೆಬೀಜದ ಚಟ್ನಿ ಮಾತ್ರ ಬೇರೆ ಲೆವೆಲ್ಲು. ಬೀಜ ಸಿಪ್ಪೆ ಅಲ್ಲಲ್ಲಿ ಕಪ್ಪಾಗೋ ತನಕ ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹುಣಸೆಹಣ್ಣು ಹಾಕಿ ತರಿತರಿಯಾಗಿ ರುಬ್ತಾರೆ, ನೀರು ಕಮ್ಮಿ, ಎಲೇಲಿ ಕಟ್ಟಿ ಮೇಲೆ ಪೇಪರ್ ಸುತ್ತಿ ಕೊಟ್ರೆ ಬ್ಯಾಗಲ್ಲಿ ಸೋರಲ್ಲ. ಅಕ್ಕಂದು ತಿರುಮಣಿ ಕಡೆ ಜಮೀನಿತ್ತಂತೆ, ಪಾರ್ಕಿಗೆ ಲೀಸಿಗೆ ಕೊಟ್ಟಿದಾರೆ, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ಸಲ 5 ಪರ್ಸೆಂಟ್ ಜಾಸ್ತಿ. ಮಳೆ ನಂಬ್ಕೊಂಡು ಕಡ್ಲೆಕಾಯಿ ಹಾಕ್ತಿದ್ದಾಗ ಇಷ್ಟು ಗ್ಯಾರಂಟಿ ಎಲ್ಲಿತ್ತು ಅಂತಾರೆ, ಅದೇ ಬಾಯಲ್ಲಿ "ಅಂಗಡಿ ಬೀಜಕ್ಕೆ ನಮ್ಮ ಹೊಲದ ಜಿಡ್ಡು ಇಲ್ಲ ಕಣಪ್ಪಾ" ಅಂತಾನೂ ಅಂತಾರೆ. ನಂಗಂತೂ ಇದೇ ಸಾಕು.

ಭಾನುವಾರ ಬೆಟ್ಟ ಹತ್ತೋರಿಗೂ ಇದೇ ಪಾರ್ಸೆಲ್ಲು ಬೆಸ್ಟು. ಪಾವಗಡ ಕೋಟೆ ಊರಿಗೇ ಅಂಟ್ಕೊಂಡಿದೆ, ಬೇಗ ಹತ್ತಿ ಇಳೀಬಹುದು, ನಿಡಗಲ್ಲಿಗೆ ಜನ ಕಮ್ಮಿ, ನೀರು ಜಾಸ್ತಿ ಇಟ್ಕೊಳ್ಳಿ. ಮಧುಗಿರಿಗೆ ಹೋಗೋದಾದ್ರೆ ಅದು ಏಕಶಿಲೆ, 1,193 ಮೀಟರ್ ಎತ್ತರ, ಮೇಲ್ಮೇಲೆ ಹೋದಂಗೆಲ್ಲ ಬಂಡೇಲಿ ಕೊರೆದಿರೋ ಮೆಟ್ಲಲ್ಲಿ ಕಂಬಿ ಹಿಡ್ಕೊಂಡೇ ಹೋಗ್ಬೇಕು, ಕೈಯಲ್ಲಿ ಕವರ್ ಗಿವರ್ ಇಟ್ಕೋಬೇಡಿ. ತುದೀಲಿರೋ ಪಾಳು ಗುಡಿ ಹತ್ರ ಕೂತು ಗಟ್ಟಿ ಮೊಸರನ್ನಕ್ಕೆ ಈ ಚಟ್ನಿ ಹಚ್ಕೊಂಡ್ ತಿಂದು ನೋಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ರಾತ್ರಿ ಊಟಕ್ಕೆ. ಎಂಟೂವರೆ ಮೇಲೆ ಹೋದ್ರೆ ಮುದ್ದೆ ಗಟ್ಟಿಯಾಗಿರುತ್ತೆ, ಸಾರಿಗೆ ನೀರು ಬಿದ್ದಿರುತ್ತೆ, ಕೇಳಿದ್ರೆ ಅಕ್ಕ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಮಗೇ ಬೈತಾರೆ, ಮೂರು ಕಡೆ ಆಂಧ್ರ ಇರೋ ಊರಲ್ವಾ. ಶನಿವಾರ ಶನಿಮಹಾತ್ಮ ದೇವಸ್ಥಾನಕ್ಕೆ ಬರೋ ಜನ ತುಂಬ್ಕೊಂಡು ಕೂರೋಕೆ ಜಾಗ ಇರಲ್ಲ, ಶ್ರಾವಣದಲ್ಲಂತೂ ಆ ಕಡೆ ತಲೆ ಹಾಕ್ಬೇಡಿ. ಕುಡಿಯೋಕೆ ಕ್ಯಾನ್ ನೀರೇ ಇಡ್ತಾರೆ, ಇಲ್ಲಿ ಬೋರ್ ನೀರಲ್ಲಿ ಫ್ಲೋರೈಡ್ ಇರೋದ್ರಿಂದ ಅದು ಒಳ್ಳೇದೇ.

ಪಾರ್ಸೆಲ್ ಬೇಕಂದ್ರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಹೇಳ್ಬಿಡಿ, ಸಾಂಬಾರಿಗೆ ಡಬ್ಬ ನೀವೇ ತಗೊಂಡ್ ಹೋಗಿ.