ಸ್ಟುಟ್‌ಗಾರ್ಟ್‌ನಿಂದ ಕೊವೆಂಟ್ರಿಗೆ ಸ್ವಂತ ಕಾರು: ಒಂದು ಸಾಗಣೆ ಏಜೆನ್ಸಿಯ ಸೇವೆ ಹೇಗಿತ್ತು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ಇಂಗ್ಲೆಂಡಿನ ಕೊವೆಂಟ್ರಿಗೆ ಹೊರಟಾಗ, ಅಲ್ಲಿಯೇ ಮಾರಿಬಿಡಿ ಎಂದು ಸ್ನೇಹಿತರೆಲ್ಲ ಹೇಳಿದರೂ ಕೇಳದೆ ನನ್ನ ಸ್ಕೋಡಾ ಆಕ್ಟೇವಿಯಾವನ್ನು ಜೊತೆಗೆ ತಂದೆ. 2018ರ ಅಕ್ಟೋಬರಿನಲ್ಲಿ ಮೊದಲು ರಸ್ತೆಗಿಳಿದ, ಒಮ್ಮೆಯೂ ಕೈಕೊಡದ ಪೆಟ್ರೋಲ್ ಗಾಡಿ ಅದು. ಅವಸರದಲ್ಲಿ ಮಾರಿದರೆ ಸಿಗುತ್ತಿದ್ದ ಹಣಕ್ಕೆ ಇಲ್ಲಿ ಅಂಥ ಕಾರು ಸಿಗುವುದಿಲ್ಲವೆಂಬುದು ನನ್ನ ಲೆಕ್ಕವಾಗಿತ್ತು. ಕಾಗದಪತ್ರಗಳ ಕೆಲಸವನ್ನು ಒಂದು ಏಜೆನ್ಸಿಗೆ ಒಪ್ಪಿಸಿದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಏಜೆನ್ಸಿಗೆ ಹಣ ಕೊಡುವ ಮುನ್ನ ಏನನ್ನು ಕೇಳಬೇಕೆಂಬುದು ಹೆಸರಿಗಿಂತ ಮುಖ್ಯ.

ಕಾರನ್ನು ಲಾರಿಯ ಮೇಲೆ ಕಳಿಸುತ್ತೇವೆ ಎಂದು ಅವರು ಹೇಳಿದ್ದರು. ನಾನು ಒಪ್ಪದೆ ನಾನೇ ಓಡಿಸಿಕೊಂಡು ಬಂದೆ, ಅದಕ್ಕಾಗಿ ಇಂದಿಗೂ ಸಂತೋಷವಿದೆ. ಫ್ರಾನ್ಸಿನ ಕ್ಯಾಲೆಯವರೆಗೆ ಸುಮಾರು 750 ಕಿಲೋಮೀಟರ್ ದಾರಿ. ಅಲ್ಲಿಂದ ಕಾರನ್ನು ಲ ಶಟಲ್ ರೈಲಿನೊಳಗೆ ಓಡಿಸಿ, ಕೈಬ್ರೇಕ್ ಎಳೆದು, ಸೀಟಿನಲ್ಲಿಯೇ ಕುಳಿತಿದ್ದರೆ 35 ನಿಮಿಷದಲ್ಲಿ ಸಮುದ್ರದಡಿಯ ಸುರಂಗ ದಾಟಿ ಫೋಕ್‌ಸ್ಟನ್ ಬರುತ್ತದೆ. ಇಡೀ ವಲಸೆಯಲ್ಲಿ ಇಷ್ಟು ಸಲೀಸಾಗಿ ಮುಗಿದದ್ದು ಇದೊಂದೇ, ಮತ್ತು ಇದರಲ್ಲಿ ಏಜೆನ್ಸಿಯ ಪಾಲು ಏನೂ ಇರಲಿಲ್ಲ.

ಅವರ ಪಾಲಿನದು ಸುಂಕದ ಕೆಲಸ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಜರ್ಮನಿಯ ಕಾರು ಇಲ್ಲಿಗೆ ಆಮದು ಸರಕೇ ಆಗುತ್ತದೆ, ಆದ್ದರಿಂದ ಎರಡೂ ಕಡೆಯ ಸುಂಕದವರಿಗೆ ಘೋಷಣೆ ಸಲ್ಲಿಸಬೇಕು. ವಾಸ ಬದಲಾಯಿಸುವವರಿಗೆ 'ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್' ಎಂಬ ವಿನಾಯಿತಿ ಇದೆ: ನೀವು ಸತತ 12 ತಿಂಗಳು ಬ್ರಿಟನ್ನಿನ ಹೊರಗೆ ವಾಸವಾಗಿದ್ದು, ಕಾರು ಕನಿಷ್ಠ 6 ತಿಂಗಳಿಂದ ನಿಮ್ಮ ಬಳಕೆಯಲ್ಲಿದ್ದರೆ ಆಮದು ಸುಂಕವೂ ಇಲ್ಲ, ಶೇ. 20ರ ವ್ಯಾಟ್ ಕೂಡ ಇಲ್ಲ. ಆದರೆ ಬಂದ ಮೇಲೆ 12 ತಿಂಗಳು ಕಾರನ್ನು ಮಾರುವಂತಿಲ್ಲ, ಬಾಡಿಗೆಗೆ ಅಥವಾ ಎರವಲಾಗಿ ಕೊಡುವಂತಿಲ್ಲ. ಮೊದಲೇ ಅರ್ಜಿ ಹಾಕಿ ಪಡೆದ ಅನುಮೋದನೆ ಸಂಖ್ಯೆಯನ್ನು ಘೋಷಣೆಯಲ್ಲಿ ನಮೂದಿಸಬೇಕು. ಏಜೆನ್ಸಿಯವರು ಈ ಅರ್ಜಿಯನ್ನು ಅಚ್ಚುಕಟ್ಟಾಗಿ ತುಂಬಿಸಿದರು, ಘೋಷಣೆಗಳೂ ಸರಿಯಾಗಿದ್ದವು, ಗಡಿಯಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ಇಷ್ಟರ ಮಟ್ಟಿಗೆ ಅವರ ಸೇವೆ ಚೆನ್ನಾಗಿತ್ತು.

ತಕರಾರು ಆರಂಭವಾದದ್ದು ಇದರ ನಂತರ. ಒಪ್ಪಂದದ ಮಾತಿನ ವೇಳೆ ಅವರು ಹೇಳಿದ್ದು "ನಂಬರ್ ಪ್ಲೇಟ್ ಬರುವವರೆಗೆ ನಮ್ಮ ಜವಾಬ್ದಾರಿ" ಎಂದು. ಸಹಿ ಹಾಕಿದ ಕಾಗದದಲ್ಲಿ ಇದ್ದದ್ದು ಸುಂಕ ಮುಕ್ತವಾಗುವವರೆಗೆ ಮಾತ್ರ. ಕಾಗದವನ್ನು ಓದದೆ ಸಹಿ ಹಾಕಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಕಾರು ಬಂದ 14 ದಿನಗಳೊಳಗೆ ತೆರಿಗೆ ಇಲಾಖೆಗೆ 'ನೋವಾ' ಎಂಬ ಮಾಹಿತಿ ಸಲ್ಲಿಸಬೇಕು, ಅದಿಲ್ಲದೆ ನೋಂದಣಿಯೇ ಆಗದು ಎಂಬ ಒಂದು ಸಾಲನ್ನಾದರೂ ಅವರು ಬರೆದು ಕಳಿಸಬಹುದಿತ್ತು. (ಕನ್ನಡದ ಕಿವಿಗೆ ಆ ಹೆಸರೇ ಕುಶಲ ವಿಚಾರಿಸಿದಂತೆ ಕೇಳುತ್ತದೆ.) ಸಹೋದ್ಯೋಗಿಯೊಬ್ಬರಿಂದ ಹನ್ನೊಂದನೆಯ ದಿನ ಇದು ತಿಳಿದು, ಅದೇ ರಾತ್ರಿ ಕುಳಿತು ನಾನೇ ಸಲ್ಲಿಸಿದೆ. ಅರ್ಧ ಗಂಟೆಯ ಕೆಲಸವದು. ಏಜೆನ್ಸಿಯಿಂದ ಉತ್ತರ ಬಂದದ್ದು ಮೂರು ವಾರದ ಮೇಲೆ, ಅದೂ ಹೆಚ್ಚುವರಿ ಶುಲ್ಕದ ಪಟ್ಟಿಯೊಂದಿಗೆ.

ಇನ್ನು ಕಾರನ್ನೇ ಬದಲಾಯಿಸುವ ಕೆಲಸ, ಇದರ ಬಗ್ಗೆ ಯಾವ ಏಜೆನ್ಸಿಯೂ ಮೊದಲು ಬಾಯಿಬಿಡುವುದಿಲ್ಲ. ಹತ್ತು ವರ್ಷ ದಾಟದ ಐರೋಪ್ಯ ಕಾರನ್ನು ಬ್ರಿಟನ್ನಿನ ರಸ್ತೆಗೆ ತಕ್ಕಂತೆ ಮಾರ್ಪಡಿಸಿ ಅನುಮೋದನೆ ಪತ್ರ ಪಡೆಯಬೇಕು. ಸ್ಟೀರಿಂಗ್ ಎಡಕ್ಕಿದ್ದರೆ ಯಾರದೂ ಆಕ್ಷೇಪವಿಲ್ಲ, ಆಕ್ಷೇಪವಿರುವುದು ದೀಪಗಳ ಬಗ್ಗೆ. ಬಲಬದಿಯಲ್ಲಿ ಸಂಚರಿಸುವ ದೇಶದ ಕಾರಿನ ಡಿಮ್ ಬೆಳಕು ಬಲ ಅಂಚಿನ ಕಡೆಗೆ ತುಸು ಮೇಲೇರುವಂತೆ ರೂಪಿಸಲಾಗಿರುತ್ತದೆ. ಎಡಬದಿಯ ಸಂಚಾರದಲ್ಲಿ ಅದೇ ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ನಾಲ್ಕು ದಿನದ ಪ್ರವಾಸಿಗಳು ಗಾಜಿಗೆ ಸ್ಟಿಕರ್ ಅಂಟಿಸಿಕೊಂಡು ಓಡಾಡುತ್ತಾರೆ. ಕೆಲವು ಹೊಸ ಕಾರುಗಳಲ್ಲಿ ಪರದೆಯ ಮೇಲೆ ಒತ್ತಿದರೆ ಬೆಳಕಿನ ದಿಕ್ಕು ಬದಲಾಗುತ್ತದೆ. ನನ್ನದು ಹ್ಯಾಲೊಜೆನ್ ದೀಪವಾದ್ದರಿಂದ ಎರಡೂ ಹೆಡ್‌ಲೈಟುಗಳನ್ನೇ ಬದಲಾಯಿಸಬೇಕಾಯಿತು. ಬಳಸಿದ ದೀಪಗಳನ್ನು ಹುಡುಕಿ ಹಾಕಿಸಿದರೂ ಕೂಲಿ ಸೇರಿ 600 ಪೌಂಡಿನ ಸಮೀಪ ಹೋಯಿತು. ಹಿಂಬದಿಯ ಮಂಜಿನ ದೀಪ ನನ್ನ ಕಾರಿನಲ್ಲಿ ಎಡಗಡೆ ಮಾತ್ರವಿತ್ತು, ಇಲ್ಲಿ ಅದು ಬಲಗಡೆ ಅಥವಾ ನಡುವೆ ಇರಬೇಕು. ವೇಗದ ಮೀಟರು ಮೈಲಿಯಲ್ಲಿ ತೋರಿಸಬೇಕೆಂಬ ನಿಯಮಕ್ಕಾಗಿ ಮುಳ್ಳಿನ ಹಿಂದಿನ ಅಂಕಿಗಳ ತಗಡನ್ನೂ ಬದಲಾಯಿಸಲಾಯಿತು. ನಮ್ಮ ಬಡಾವಣೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು ಇದೆಲ್ಲವನ್ನೂ ಎರಡು ದಿನದಲ್ಲಿ ಮುಗಿಸಿ, ಫೋಟೋ ತೆಗೆದು, ಸಹಿ ಹಾಕಿದ ಪತ್ರವನ್ನೂ ಕೊಟ್ಟರು. ಈ ವಿಮರ್ಶೆಯಲ್ಲಿ ಪೂರ್ಣ ಅಂಕ ಸಲ್ಲುವುದು ಅವರಿಗೆ.

ಕಾರಿಗೆ ಮೂರು ವರ್ಷ ತುಂಬಿದ್ದರಿಂದ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಎಂಒಟಿ ತಪಾಸಣೆಯೂ ಆಗಬೇಕಿತ್ತು. ವಿಮೆಯ ವಿಷಯದಲ್ಲಿ ಮಾತ್ರ ತುಂಬ ಅಲೆದೆ: ಇನ್ನೂ ಇಲ್ಲಿನ ನಂಬರ್ ಸಿಗದ, ಎಡ ಸ್ಟೀರಿಂಗಿನ ಕಾರಿಗೆ ಚಾಸಿ ಸಂಖ್ಯೆಯ ಮೇಲೆ ವಿಮೆ ಕೊಡಲು ಹಲವರು ಒಪ್ಪಲಿಲ್ಲ, ಜರ್ಮನಿಯಲ್ಲಿ ಅಪಘಾತವಿಲ್ಲದೆ ಓಡಿಸಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿದವರು ಒಬ್ಬರೇ. ಆಮೇಲೆ ನೋಂದಣಿ ಅರ್ಜಿಯಾದ ವಿ 55/5 ನಮೂನೆ, ಜರ್ಮನ್ ನೋಂದಣಿ ಪತ್ರದ ಎರಡೂ ಭಾಗಗಳು, 55 ಪೌಂಡ್ ನೋಂದಣಿ ಶುಲ್ಕ ಮತ್ತು ರಸ್ತೆ ತೆರಿಗೆಯನ್ನು ವಾಹನ ನೋಂದಣಿ ನೋಡಿಕೊಳ್ಳುವ, ಸ್ವಾನ್ಸೀಯಲ್ಲಿರುವ ಡಿವಿಎಲ್‌ಎ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಬಂದ ನಂಬರಿನ ನಡುವೆ 68 ಇತ್ತು. ಇಲ್ಲಿ ನಂಬರ್ ನೋಡಿಯೇ ಗಾಡಿಯ ವಯಸ್ಸು ಹೇಳಬಹುದು: ಸೆಪ್ಟೆಂಬರಿನಿಂದ ಫೆಬ್ರವರಿಯವರೆಗಿನ ನೋಂದಣಿಗೆ ಆ ಸೆಪ್ಟೆಂಬರ್ ಇದ್ದ ವರ್ಷದ ಕೊನೆಯ ಎರಡು ಅಂಕಿಗೆ 50 ಕೂಡಿಸುತ್ತಾರೆ, ಹೀಗಾಗಿ 2018ರ ಅಕ್ಟೋಬರಿನ ಕಾರು 68 ಆಯಿತು.

ಏಜೆನ್ಸಿಗೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಸುಂಕದ ಕೆಲಸ ಮಾತ್ರ ಬೇಕಿದ್ದವರು ಅಂಥವರನ್ನು ಹಿಡಿಯಬಹುದು. ನೋವಾ ಸಲ್ಲಿಸುವವರು ಯಾರು, ಮಾರ್ಪಾಡಿನ ಪತ್ರ ಯಾರ ಹೊಣೆ, ಸ್ವಾನ್ಸೀಗೆ ಅರ್ಜಿ ಕಳಿಸುವವರು ಯಾರು ಎಂಬ ಮೂರಕ್ಕೂ ಲಿಖಿತ ಉತ್ತರ ಪಡೆಯದೆ ಮುಂಗಡ ಕೊಡಬೇಡಿ. ಕಾರನ್ನು ಮುಂದೆ ಊರಿಗೂ ಒಯ್ಯುತ್ತೀರಾ ಎಂದು ಕೇಳುವವರಿಗಾಗಿ ಒಂದು ಮಾತು: ಭಾರತದ ಆಮದು ನಿಯಮದಂತೆ ಸ್ಟೀರಿಂಗ್ ಬಲಕ್ಕಿರಬೇಕು, ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ನನ್ನ ಕಾರಿಗೆ ಎರಡೂ ಬಾಗಿಲು ಮುಚ್ಚಿವೆ.

ಓಡಿಸುವ ಅನುಭವದ ಬಗ್ಗೆಯೂ ಹೇಳಬೇಕು. ಹಾಸನದಲ್ಲಿ ಅಪ್ಪನ ಮಾರುತಿ 800ರಲ್ಲಿ ಬಲಕ್ಕೆ ಕುಳಿತು ಎಡಬದಿಯಲ್ಲಿ ಓಡಿಸಲು ಕಲಿತೆ. ಜರ್ಮನಿಯಲ್ಲಿ ಎಡಕ್ಕೆ ಕುಳಿತು ಬಲಬದಿಯಲ್ಲಿ ಓಡಿಸಿದೆ. ಈಗ ಎಡಕ್ಕೆ ಕುಳಿತು ಎಡಬದಿಯಲ್ಲಿಯೇ ಹೋಗುತ್ತಿದ್ದೇನೆ. ಹೆದ್ದಾರಿಯಲ್ಲಿ ಇದು ಬೇಗ ರೂಢಿಯಾಗುತ್ತದೆ, ಕಿರಿದಾದ ಹಳ್ಳಿ ರಸ್ತೆಯಲ್ಲಿ ಮುಂದಿನ ಟ್ರಾಕ್ಟರನ್ನು ಹಿಂದಿಕ್ಕಲು ಮಾತ್ರ ಪಕ್ಕದಲ್ಲಿ ಕುಳಿತವರ ಕಣ್ಣು ಬೇಕು. ಪಾರ್ಕಿಂಗ್ ಕಟ್ಟಡಗಳ ಚೀಟಿ ಯಂತ್ರ ಬಲಗಡೆ ಇರುವುದರಿಂದ ಅದು ಹೆಂಡತಿಯ ಕೈಗೇ ಎಟುಕುತ್ತದೆ. ಒಬ್ಬನೇ ಹೋದ ದಿನ ಹಿಂದಿನ ಕಾರಿನವರಿಗೆ ಕೈಯೆತ್ತಿ ಕ್ಷಮೆ ಕೇಳಿ, ಇಳಿದು ಸುತ್ತಿಬಂದು ಚೀಟಿ ಕಿತ್ತುಕೊಳ್ಳುತ್ತೇನೆ.